ಹಾರೆಗೊಪ್ಪದ ವಿಮಾನ ನಿಲ್ದಾಣದ ಗೋಡೆ

ಅದು ಶುರುವಾದದ್ದು ಅರವತ್ತಾರನೇ ಇಸವಿಯ ಮಾಗಿಯಲ್ಲಿ, ಜನ ಬೆಳಗಿನ ಗಂಜಿ ಕುಡಿದು ಕೆಲಸಕ್ಕೆ ಹೊರಡುವ ಹೊತ್ತಿಗೆ. ಗುಡ್ಡದ ಮೇಲಿನ ಹುಲ್ಲುಗಾವಲಿನಲ್ಲಿ, ಅಲ್ಲಿಯವರು ಬ್ಯಾಣ ಎನ್ನುವಲ್ಲಿ, ಇಬ್ಬನಿ ಇನ್ನೂ ಆರಿರಲಿಲ್ಲ. ಹಾರೆಗೊಪ್ಪ ಪಂಚಾಯಿತಿಯ ಚೇರ್ಮನ್ ದುಗ್ಗಪ್ಪ, ಸೆಕ್ರೆಟರಿ ರಾಮಚಂದ್ರಪ್ಪ, ಹಿಂದೆ ಅಳತೆಯ ಸರಪಳಿ ಹೊತ್ತ ಆಳುಗಳು, ಹೀಗೆ ಒಂದು ದಂಡೇ ಪಂಚೆ ಒದ್ದೆ ಮಾಡಿಕೊಂಡು ಗುಡ್ಡ ಹತ್ತಿ ಬರುತ್ತಿತ್ತು. ಅವರನ್ನು ಮೊದಲು ಕಂಡವಳು ಕನ್ನಮ್ಮ.

ಕನ್ನಮ್ಮ ಮುಳುಗಡೆಯವಳು. ತುಮರಿ ಕಡೆಯ ಅವಳ ಊರು ಅಣೆಕಟ್ಟಿನ ನೀರಿನಡಿಗೆ ಹೋಗಿ ಎರಡು ಮಳೆಗಾಲ ಕಳೆದಿತ್ತು. ಸಾಗರದಿಂದ ಲಾರಿಗೆ ತುಂಬಿ ತಂದು ಹೊಸನಗರದ ಈ ಬೋಳು ಬ್ಯಾಣದ ಅಂಚಿನಲ್ಲಿ ಇಳಿಸಿದಾಗ, ಮನೆ ಕಟ್ಟಲು ಜಾಗ ಬರುವ ಬೇಸಿಗೆಗೇ ಸಿಗುತ್ತದೆ, ಅಲ್ಲಿಯವರೆಗೆ ಬಿದಿರು ತಟ್ಟಿಯ ಗುಡಿಸಲಲ್ಲಿರಿ ಎಂದಿದ್ದರು. ಆ ಬೇಸಿಗೆಯೂ ಹೋಯಿತು, ಅದರ ಬೆನ್ನಿಗೇ ಬಂದ ಮಳೆಯಲ್ಲಿ ಜ್ವರ ಹಿಡಿದು ಅವಳ ಗಂಡ ಜಟ್ಟಿಂಗಪ್ಪನೂ ಹೋದ. ಉಳಿದವಳು ಮಗಳು ಪುಷ್ಪಮ್ಮ.

ಪುಷ್ಪಮ್ಮನಿಗೆ ಗಂಡು ಗೊತ್ತಾಗಿತ್ತು. ತೀರ್ಥಹಳ್ಳಿ ಕಡೆ ಮೇಳಿಗೆಯ ಹತ್ತಿರ ನೆಲೆಯಾದ ಕೆರಿಯಪ್ಪನ ಮಗ ಹೂವಪ್ಪ. ಅವರೂ ಮುಳುಗಡೆಯವರೇ, ನೆಂಟರೇ; ಆದರೆ ಅವರಿಗೆ ಅಲ್ಲಿ ಮನೆಯೆದ್ದಿತ್ತು. ಎಲ್ಲ ಮಾತೂ ಮುಗಿದ ಮೇಲೆ ಕೆರಿಯಪ್ಪ ಗುಡಿಸಲ ಒಳಗೆ ಒಂದು ಸುತ್ತು ಕಣ್ಣಾಡಿಸಿದ.

"ಅಲ್ದನೇ ಕನ್ನಮ್ಮ, ಹಸೆ ಎಲ್ಲಿ ಬರೀತೀಯೆ?"

ಅವರಲ್ಲಿ ಮದುಮಕ್ಕಳನ್ನು ಬರಿಗೋಡೆಗೆ ಬೆನ್ನು ಕೊಟ್ಟು ಕೂರಿಸುವುದಿಲ್ಲ. ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅರೆದ ಅಕ್ಕಿಯ ಬಿಳುಪಿನಲ್ಲಿ ಹಸೆಯ ಚಿತ್ತಾರ ಬರೆದು, ಅದರ ಮುಂದೆ ಕೂರಿಸಬೇಕು. ಹಸೆಯಿಲ್ಲದೆ ಆದದ್ದು ಮದುವೆಯೇ ಅಲ್ಲ. ಗುಡಿಸಲಲ್ಲಿ ಇದ್ದದ್ದು ತಟ್ಟಿ, ತಟ್ಟಿಯ ಸಂದಿಯಲ್ಲಿ ಕಾಣುವ ಪಕ್ಕದ ಮನೆಯ ಒಲೆ.

"ತಟ್ಟಿ ಮೇಲೆ ಬರಿಯಕ್ಕೆ ಬತ್ತದನಾ?" ಎಂದ ಕೆರಿಯಪ್ಪ. "ನಾನು ಹೇಳದಲ್ಲ ಮಾರಾಯ್ತಿ, ನಮ್ಮ ಅವ್ವಂದು ಹಟ. ಮಳೆ ಹಿಡಿಯೂದ್ರೊಳಗೆ ಒಂದು ಗೋಡೆ ಎಬ್ಸು. ಆಮೇಲೆ ನಾನು ತಡಿಯಕ್ಕೆ ಆಗಲ್ಲ. ಹುಂಚದ ಕಡೆಯೋರೂ ಹೆಣ್ಣಿದೆ ಅಂತ ಕೇಳ್ತಾ ಇದಾರೆ."

ಆದ್ದರಿಂದಲೇ ಆ ಬೆಳಿಗ್ಗೆ ಸರಪಳಿ ಕಂಡದ್ದೇ ಕನ್ನಮ್ಮನ ಎದೆ ಹಗುರಾಯಿತು. ಆಳುಗಳು ಬ್ಯಾಣದ ಉದ್ದಕ್ಕೂ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದರು. ಪಕ್ಕದ ಗುಡಿಸಲ ಹಾಲಮ್ಮ, ಬಾಯಿಗೆ ಬೀಗವಿಲ್ಲದ ಮುದುಕಿ, ಒಂದೊಂದು ಗೂಟದ ಹತ್ತಿರವೂ ಹೋಗಿ ನೋಡಿ ಬಂದಳು.

"ಮನೆ ಜಾಗ ಇಷ್ಟುದ್ದ ಕೊಡ್ತಾರನೇ? ಈ ಮೂಲೆಯಲ್ಲಿ ಉಂಡು ಆ ಮೂಲೆಯಲ್ಲಿ ಕೈ ತೊಳಿಯಕ್ಕೆ ಬುತ್ತಿ ಕಟ್ಕಂಡು ಹೋಗ್ಬೇಕು."

ಅದು ಮನೆಯ ಜಾಗವಾಗಿರಲಿಲ್ಲ. ಮುಂದಿನ ವಾರ ಪಂಚಾಯಿತಿ ಕಚೇರಿಯಲ್ಲಿ ಸಭೆ ಸೇರಿಸಿ ದುಗ್ಗಪ್ಪ ನಕ್ಷೆ ಬಿಚ್ಚಿದ. ದುಗ್ಗಪ್ಪ ತೋಟ ಗದ್ದೆಯ ಒಡೆಯ, ಒಮ್ಮೆ ಬೆಂಗಳೂರಿಗೆ ಹೋಗಿ ವಿಮಾನ ನೋಡಿ ಬಂದವನು. ಹತ್ತಲಿಲ್ಲ, ಬೇಲಿಯಾಚೆ ನಿಂತು ನೋಡಿದ್ದ. ಅಷ್ಟಕ್ಕೇ ಅವನ ನಡಿಗೆ ಬೇರೆಯಾಗಿತ್ತು. ಪವರ್ ಹೌಸು ನೋಡಲು ಬಂದಿದ್ದ ಯಾರೋ ದೊಡ್ಡ ಸಾಹೇಬರು ಬಂಗಲೆಯಲ್ಲಿ ಕಾಫಿ ಕುಡಿಯುತ್ತ, ಈ ಸೀಮೆಯಲ್ಲಿ ಸಮತಟ್ಟು ನೆಲವಿದ್ದರೆ ಒಂದಲ್ಲ ಒಂದು ಕಾಲಕ್ಕೆ ವಿಮಾನವೂ ಇಳಿದೀತು ಎಂದಿದ್ದರಂತೆ. ಕಾಫಿ ಚೆನ್ನಾಗಿದ್ದರೆ ಮನುಷ್ಯ ಏನು ಬೇಕಾದರೂ ಹೇಳುತ್ತಾನೆ. ಸಾಹೇಬರು ಲೋಟ ಕೆಳಗಿಟ್ಟು ಅದನ್ನು ಮರೆತರು. ದುಗ್ಗಪ್ಪ ಅದನ್ನು ಹಾರೆಗೊಪ್ಪಕ್ಕೆ ಹೊತ್ತು ತಂದ.

ನಕ್ಷೆಯಲ್ಲಿ ಎಲ್ಲವೂ ಇತ್ತು. ಮುಳುಗಡೆಯವರಿಗೆ ಹೊಸ ಬಡಾವಣೆ, ಬೀದಿಗಳು, ಬೀದಿಗಳಿಗೆ ಹೆಸರು, ನಡುವೆ ಒಂದು ಸರ್ಕಲ್ಲು, ಸರ್ಕಲ್ಲಿನಲ್ಲಿ ಕಾರಂಜಿ. ಕುಡಿಯುವ ನೀರಿನ ಬಾವಿ ಮಾತ್ರ ಇರಲಿಲ್ಲ; ಅದು ಕಾಗದದಲ್ಲಿ ಹಿಡಿಸಲಿಲ್ಲವಂತೆ. ಪಕ್ಕದಲ್ಲೇ ವಿಮಾನ ನಿಲ್ದಾಣ. ಎರಡನೇ ಸಭೆಯ ಹೊತ್ತಿಗೆ ನಿಲ್ದಾಣ ಬೆಳೆದಿತ್ತು. ಇಳಿದ ವಿಮಾನ ತಿರುಗಲು ಜಾಗ ಬೇಕು, ಮುಂದೆ ದೊಡ್ಡ ವಿಮಾನ ಬಂದರೆ ಇನ್ನೂ ಜಾಗ ಬೇಕು ಎಂದು, ಒಂದು ಗುದ್ದಲಿ ಮಣ್ಣೂ ಅಗೆಯುವ ಮೊದಲೇ ಅದನ್ನು ವಿಸ್ತರಿಸಿ ಠರಾವು ಮಾಡಿದರು. ಅದು ಬೆಳೆದಷ್ಟೂ ಮನೆಗಳು ಕೆಳಕ್ಕೆ ಸರಿದವು. ಮೂರನೇ ಸಭೆಯಲ್ಲಿ ಅವು ಬ್ಯಾಣದಿಂದಲೇ ಇಳಿದು ಎರಡನೇ ಹಂತ ಎಂಬ ಕಡೆಗೆ ಹೋದವು. ಆ ಎರಡನೇ ಹಂತ ಎಲ್ಲಿದೆಯೆಂದು ಹಾಲಮ್ಮ ಕೇಳಿದಳು. ಸೆಕ್ರೆಟರಿ ಕಿಟಕಿಯಾಚೆ ಕೈ ತೋರಿಸಿದ. ಅತ್ತ ಇದ್ದದ್ದು ಕೆರೆ.

"ಮತ್ತೆ ನೀರಿಗಾ?" ಎಂದಳು ಹಾಲಮ್ಮ.

"ಅಮ್ಮ, ತಮಾಷೆ ಬೇಡ," ಎಂದ ರಾಮಚಂದ್ರಪ್ಪ. "ನಿಲ್ದಾಣದ ಹತ್ರ ಮನೆ ಇರಕೂಡದು. ಎತ್ತರದ ಮನೆ ಇದ್ರೆ ವಿಮಾನಕ್ಕೆ ತಾಗ್ತದೆ."

"ನಮ್ಮ ಮನೆ ಎತ್ತರಕ್ಕೆ ತಾಗ್ತದೆ ಅಂದ್ರೆ ಅದು ವಿಮಾನ ಅಲ್ಲಪ್ಪ, ಕೋಳಿ."

ಜನ ನಕ್ಕರು. ಕನ್ನಮ್ಮ ನಗಲಿಲ್ಲ. ಅವಳು ಎದ್ದು ನಿಂತು, ಬಡಾವಣೆ ಯಾವಾಗಲಾದರೂ ಆಗಲಿ, ತನ್ನ ಗುಡಿಸಲ ಒಳಗೆ ಒಂದೇ ಒಂದು ಮಣ್ಣಿನ ಗೋಡೆ ಎಬ್ಬಿಸಿಕೊಳ್ಳಲು ಒಪ್ಪಿಗೆ ಬೇಕು, ಮಗಳ ಮದುವೆಯಿದೆ ಎಂದಳು. ದುಗ್ಗಪ್ಪ ಆಗದೆಂದು ತಲೆಯಾಡಿಸಿದ. ತಟ್ಟಿ ಇದ್ದರೆ ಅದು ತಾತ್ಕಾಲಿಕ. ಗೋಡೆ ಎದ್ದರೆ ಅದು ಒತ್ತುವರಿ. ಸರ್ಕಾರದ ನೆಲದ ಮೇಲೆ ಗೋಡೆಯೆಬ್ಬಿಸಿದವರು ಮತ್ತೆ ಆ ಜಾಗ ಬಿಟ್ಟು ಏಳುವುದಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ತೋಟದ ಬೇಲಿಯೂ ಹಾಗೆಯೇ ಬೆಳೆದದ್ದು.

ಕನ್ನಮ್ಮ ಆದರೂ ಎಬ್ಬಿಸಿದಳು. ಮಣ್ಣು ಕಲಸಿ, ತುಳಿದು, ತಾಯಿ ಮಗಳು ಉಂಡೆ ಕಟ್ಟಿ ಇಟ್ಟರು. ಗೋಡೆ ಮೊಣಕಾಲೆತ್ತರ ಬರುವಷ್ಟರಲ್ಲಿ ರಾಮಚಂದ್ರಪ್ಪ ಆಳುಗಳ ಜೊತೆ ಬಂದ.

"ನಂಗೆ ಬೇಜಾರೇ ಕನ್ನಮ್ಮ," ಎಂದ. "ಮೇಲಿನ ಮಾತು."

"ಬೇಜಾರಿದ್ರೆ ಬಿಡಿ."

"ಬಿಡಕ್ಕೆ ಬರಲ್ಲ."

"ಹಂಗಾದ್ರೆ ಬೇಜಾರು ಬಿಡಿ," ಎಂದು ಅವಳು ಒಳಗೆ ಹೋದಳು. ಆಳುಗಳು ಗೋಡೆಯನ್ನು ಕಾಲಿನಿಂದ ತಳ್ಳಿದರು. ಹಸಿ ಮಣ್ಣು, ಸದ್ದೂ ಆಗಲಿಲ್ಲ.

ಯುಗಾದಿಗೆ ಸಾಹೇಬರು ವಿಮಾನದಲ್ಲಿ ಬರುತ್ತಾರೆಂದು ಸುದ್ದಿಯಾಯಿತು. ಸುದ್ದಿ ಮಾಡಿದವನು ದುಗ್ಗಪ್ಪನೇ. ಗೂಟಗಳ ನಡುವಿನ ಹುಲ್ಲು ಕಿತ್ತು ನೆಲ ಸಮ ಮಾಡಿಸಿದ. ಇಳಿದವರು ಕೂರಲು ಕೋಣೆ ಬೇಕಲ್ಲ ಎಂದು ಬ್ಯಾಣದ ತಲೆಯಲ್ಲಿ ಕಲ್ಲಿನ ಅಡಿಪಾಯ ಹಾಕಿ, ಮಣ್ಣಿನ ಗೋಡೆ ಎಬ್ಬಿಸಿ, ಮಂಗಳೂರು ಹೆಂಚು ಹೊದೆಸಿದರು. ಹೊಸ ಬಡಾವಣೆಗೆ ಬಂದ ಹೆಂಚು ಅದು. ಮಣ್ಣು ತುಳಿಯಲು ಮುಳುಗಡೆಯ ಹೆಂಗಸರನ್ನೇ ಕರೆದರು. ಕನ್ನಮ್ಮ ತನ್ನ ಗುಡಿಸಲಿಗೆ ಪಂಚಾಯಿತಿಯವರು ಬೇಡವೆಂದ ಮಣ್ಣನ್ನೇ ಅಲ್ಲಿ ತುಳಿದಳು, ಗೋಡೆಗೆ ಒತ್ತಿದಳು, ನುಣ್ಣಗೆ ಸವರಿದಳು. ಹಾರೆಗೊಪ್ಪದ ಪಂಚಾಯಿತಿ ತನ್ನ ಆಯುಸ್ಸಿನಲ್ಲಿ ಕಟ್ಟಿದ ಒಳ್ಳೆಯ ಗೋಡೆ ಅದೊಂದೇ. ಬಾಗಿಲು ಮಾತ್ರ ಬರಲಿಲ್ಲ. ಮಂಜೂರಾದ ಬಾಗಿಲು ದಾರಿಯಲ್ಲಿ ದುಗ್ಗಪ್ಪನ ಅಡಿಕೆ ಚಪ್ಪರದ ಮನೆಗೆ ತಿರುಗಿತ್ತು.

ಯುಗಾದಿಯ ದಿನ ಜನ ಬಿಸಿಲಲ್ಲಿ ಆಕಾಶ ನೋಡುತ್ತ ನಿಂತರು. ದುಗ್ಗಪ್ಪ ಹಾರ ಹಿಡಿದು ಕುತ್ತಿಗೆ ನೋಯುವವರೆಗೆ ನೋಡಿದ. ಕಡೆಗೆ ಸಾಹೇಬರು ಹಿಂದಿನಿಂದ ಜೀಪಿನಲ್ಲಿ ಬಂದರು. ಎಳನೀರು ಕುಡಿದರು. ಕೋಣೆಯನ್ನು ನೋಡಿ ದನದ ಕೊಟ್ಟಿಗೆ ಬಹಳ ಚೆನ್ನಾಗಿದೆ ಎಂದರು. ದುಗ್ಗಪ್ಪ ಇದು ವಿಮಾನ ನಿಲ್ದಾಣ ಎಂದು ಬಿಡಿಸಿ ಹೇಳಿದ. ಸಾಹೇಬರು ಅವನ ಮುಖವನ್ನು ಒಂದು ಗಳಿಗೆ ನೋಡಿ, ಹಾರ ಹಾಕಿಸಿಕೊಂಡು, ಜೀಪು ಹತ್ತಿದರು. ಆಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ. ಕೋಣೆಯಲ್ಲಿ ಆಡುಗಳು ಮಲಗತೊಡಗಿದವು.

ವೈಶಾಖ ಕಳೆಯುತ್ತಿತ್ತು. ಮಧ್ಯಾಹ್ನದ ಮೇಲೆ ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಕೆರಿಯಪ್ಪ ಹುಂಚದ ಬಸ್ಸಿನವನ ಹತ್ತಿರ ಹೇಳಿಕಳಿಸಿದ್ದ: ಬುಧವಾರ ಕಡೆಯ ಲಗ್ನ, ಗೋಡೆ ಇದ್ದರೆ ಬರುತ್ತೇವೆ, ಇಲ್ಲದಿದ್ದರೆ ಇಲ್ಲವೆಂದು ತಿಳಿಸು.

"ಎಂತ ಹೇಳ್ಲಿ?" ಎಂದ ಬಸ್ಸಿನವನು.

ಕನ್ನಮ್ಮ ಬ್ಯಾಣದ ತಲೆಯ ಕಡೆ ನೋಡಿದಳು. "ಗೋಡೆ ಇದೆ ಅನ್ನು," ಎಂದಳು.

ಮಾರನೆಯ ಬೆಳಿಗ್ಗೆ ಅವಳು, ಪುಷ್ಪಮ್ಮ, ಹಾಲಮ್ಮ ಸೇರಿ ಆಡು ಅಟ್ಟಿ, ಕೋಣೆ ಗುಡಿಸಿ, ಸಗಣಿ ಸಾರಿಸಿ, ಗೋಡೆಗೆ ಕೆಮ್ಮಣ್ಣು ಬಳಿದರು. ಅದು ಆರಿದ ಮೇಲೆ ಕನ್ನಮ್ಮ ಪುಂಡಿ ನಾರಿನ ಕುಂಚವನ್ನು ಅಕ್ಕಿಯ ಬಿಳುಪಿನಲ್ಲಿ ಅದ್ದಿ ಹಸೆಯ ಹೊರಗೆರೆ ಎಳೆದಳು. ಹಾಲಮ್ಮ ಕೂತು ಹಸೆಯ ಹಾಡು ಹಿಡಿದಳು. ಹಾಡು ಬ್ಯಾಣದ ಕೆಳಗೂ ಕೇಳಿಸಿತು. ಹೊತ್ತು ಇಳಿಯುವುದರೊಳಗೆ ದುಗ್ಗಪ್ಪ ಮತ್ತು ರಾಮಚಂದ್ರಪ್ಪ ಏದುಸಿರು ಬಿಡುತ್ತ ಬಂದರು.

"ಯಾರ ಅಪ್ಪಣೆ ಮೇಲೆ?" ಎಂದ ದುಗ್ಗಪ್ಪ.

ಕನ್ನಮ್ಮ ತಿರುಗಲಿಲ್ಲ. ಒಂದು ಎಳೆಯ ಅರ್ಧದಲ್ಲಿದ್ದಳು. ಅದು ಮುಗಿದ ಮೇಲೆ ಹೇಳಿದಳು, "ವಿಮಾನ ಬರೂದಿದ್ರೆ ಹೇಳಿ ಒಡೇರೇ, ಬುಧವಾರದ ಮಟ್ಟಿಗೆ ಜಾಗ ಬಿಡ್ತೀವಿ."

"ಇದು ಸಾರ್ವಜನಿಕ ಕಟ್ಟಡ."

"ನಾವು ಯಾರು ಮತ್ತೆ?" ಎಂದಳು ಹಾಲಮ್ಮ, ಹಾಡಿನ ನಡುವೆ ಉಸಿರು ತೆಗೆದುಕೊಳ್ಳುತ್ತ.

"ಒರೆಸ್ರಿ ಅದನ್ನ," ಎಂದು ದುಗ್ಗಪ್ಪ ಸೆಕ್ರೆಟರಿಗೆ ಹೇಳಿದ.

ರಾಮಚಂದ್ರಪ್ಪ ಗೋಡೆಯ ಹತ್ತಿರ ಒಂದು ಹೆಜ್ಜೆ ಹೋದ, ನಿಂತ. ಮೊಣಕಾಲೆತ್ತರದ ಹಸಿ ಗೋಡೆ ತಳ್ಳಿಸಿದವನು ಅವನೇ. ಆದರೆ ಅವನೂ ಈ ಸೀಮೆಯವನು. ಮದುವೆಗೆಂದು ಬರೆದ ಹಸೆಗೆ, ಮದುಮಗಳು ಎದುರಿಗೆ ನಿಂತಿರುವಾಗ, ಒದ್ದೆ ಬಟ್ಟೆ ಹಾಕಿದ ಕೈಯನ್ನು ಆಮೇಲೆ ಹೆಂಡತಿ ಮಕ್ಕಳ ಮುಂದೆ ಅನ್ನಕ್ಕೆ ಇಡುವುದು ಹೇಗೆ? "ನೀವೇ ಒರೆಸಿಬಿಡಿ ಚೇರ್ಮನ್ರೇ," ಎಂದ ಮೆಲ್ಲಗೆ.

ದುಗ್ಗಪ್ಪ ಬಟ್ಟೆ ಇಲ್ಲವೆಂಬಂತೆ ತನ್ನ ಹೆಗಲು ನೋಡಿಕೊಂಡ. ಹೆಗಲ ಮೇಲೆ ಅಷ್ಟಗಲದ ಶಲ್ಯ ಇತ್ತು. ಹಾಲಮ್ಮ ಅದನ್ನೇ ನೋಡುತ್ತ ಹಾಡಿದಳು. ಅವನು ಶಲ್ಯವನ್ನು ಇನ್ನಷ್ಟು ಒಳಕ್ಕೆ ಸರಿಸಿಕೊಂಡ.

"ಮದುವೆ ಆದ ಮಾರನೇ ದಿನ ಸುಣ್ಣ ಹೊಡೆಸ್ತೀನಿ," ಎಂದ.

"ಹೊಡೆಸಿ," ಎಂದಳು ಕನ್ನಮ್ಮ. "ಊಟಕ್ಕೆ ಬನ್ನಿ."

ಅವನು ಬಂದ. ಬಂದು ಮೊದಲ ಪಂಕ್ತಿಯಲ್ಲೇ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡ. ನಿಲ್ದಾಣ ಕೊಟ್ಟದ್ದು ತಾನೇ ಎಂದು ಬೀಗರಿಗೆ ಹೇಳಿದ. ಕೆರಿಯಪ್ಪನ ಅವ್ವ, ಬೆನ್ನು ಬಾಗಿದ ಮುದುಕಿ, ಅದನ್ನು ಕೇಳಿಸಿಕೊಳ್ಳದೆ ಹಸೆಯ ಹತ್ತಿರ ಹೋಗಿ ಎಳೆಗಳನ್ನು ಬೆರಳಲ್ಲಿ ಮುಟ್ಟದೆ ಎಣಿಸಿ, "ಗೋಡೆ ಗಟ್ಟಿ ಇದೆ," ಎಂದಳು. ಪುಷ್ಪಮ್ಮ ತಲೆ ತಗ್ಗಿಸಿ ನಕ್ಕಳು.

ಸುಣ್ಣ ಬರಲೇ ಇಲ್ಲ. ಪಂಚಾಯಿತಿ ಕೊಡುತ್ತೇನೆಂದ ಉಳಿದ ವಸ್ತುಗಳು ಎಲ್ಲಿ ಹೋಗಿದ್ದವೋ ಅದೂ ಅಲ್ಲಿಗೇ ಹೋಯಿತು. ಮನೆಗಳು ಎರಡನೇ ಹಂತದಲ್ಲೇ ಉಳಿದವು, ಕಾರಂಜಿ ಕಾಗದದಲ್ಲಿ ಚಿಮ್ಮುತ್ತಿತ್ತು. ಆ ಮಳೆಗಾಲದಲ್ಲೇ ಮತ್ತೊಂದು ಕುಟುಂಬ ಮಗನ ಮದುವೆ ಮುಂದಿನ ವರ್ಷಕ್ಕಿದೆ, ಆ ಗೋಡೆ ತಮಗಿರಲಿ ಎಂದು ಕನ್ನಮ್ಮನನ್ನು ಕೇಳಿತು. ಪಂಚಾಯಿತಿಯನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅದೆಲ್ಲ ಆಮೇಲಿನ ಮಾತು. ಬುಧವಾರ ಧಾರೆ ಆಯಿತು. ಮಾರನೆಯ ಬೆಳಿಗ್ಗೆ ಕನ್ನಮ್ಮ ಮಗಳಿಗೆ ಒಂದು ಸಣ್ಣ ಗಂಟು ಕೊಟ್ಟಳು. ಒಳಗೆ ಕೆಮ್ಮಣ್ಣು ಮತ್ತು ಒಣಗಿದ ಕುಂಚ. ಗಾಡಿ ಕೋಣೆಯ ಬಾಗಿಲಿಲ್ಲದ ಬಾಗಿಲ ಮುಂದೆ ನಿಂತಿತ್ತು. ಎತ್ತುಗಳು ವಿಮಾನಕ್ಕೆಂದು ಹುಲ್ಲು ಕಿತ್ತು ಸಮಮಾಡಿದ ನೆಲದ ಮೇಲೆ ನೆಟ್ಟಗೆ ಹೋದವು, ಕೊನೆಯಲ್ಲಿ ಕೆಂಪು ಬಟ್ಟೆಯ ಗೂಟದ ಹತ್ತಿರ ತಿರುಗಿ ಮೇಳಿಗೆಯ ದಾರಿ ಹಿಡಿದವು. ಹಾರೆಗೊಪ್ಪದ ವಿಮಾನ ನಿಲ್ದಾಣದಿಂದ ಹೊರಟ ಪ್ರಯಾಣಿಕರು ಪುಷ್ಪಮ್ಮ, ಹೂವಪ್ಪ, ಕೆರಿಯಪ್ಪ, ಅವನ ಅವ್ವ. ಹೊರಟದ್ದು ಗುರುವಾರ.