ಭಾನುವಾರ, ಸಂಜೆ ಆರು

ಕೊಚ್ಚಿದ ಮಾಂಸ ಒಣಗುವ ವಾಸನೆ, ಬೆಳಗಿನಿಂದ ಮನೆ ತುಂಬ ಅದೇ, ಓವನ್ನಿನ ಬಾಗಿಲು ಪೂರ್ತಿ ಮುಚ್ಚದ ಹಾಗೆ ಮರದ ಸೌಟು ಸಿಕ್ಕಿಸಿದ್ದಾನೆ ತೂರೆ, ಹಬೆ ಹೊರಗೆ ಹೋಗ್ದಿದ್ರೆ ಅದು ಬೇಯತ್ತೆ, ಒಣಗಲ್ಲ ಅಪ್ಪ, ಅಂತ ಹೇಳಿಕೊಟ್ಟವನು ಎಸ್ಕಿಲ್, ಮಗ ಬಂದು ಅಪ್ಪನಿಗೆ ಒಲೆ ಮುಂದೆ ಪಾಠ ಮಾಡುವುದು, ಅಹಾ — ಒಂದು ಕಿಲೋ ಮಾಂಸ ಒಣಗಿದರೆ ಮುನ್ನೂರು ಗ್ರಾಂ, ಅದಕ್ಕೆ ಒಣ ಈರುಳ್ಳಿ, ಟೊಮೆಟೊ ಪುಡಿ, ರಾತ್ರಿಗೊಂದು ಪೊಟ್ಟಣ, ಬೆಳಿಗ್ಗೆ ಓಟ್ಸ್ ಗಂಜಿ, ನಡುವೆ ಗಟ್ಟಿ ರೊಟ್ಟಿ, ಚೀಸು, ಒಂಬತ್ತು ದಿನಕ್ಕೆ ಆರು ಕಿಲೋ, ಗುಡಾರ ಎರಡು ಕಿಲೋ, ಮಲಗುವ ಚೀಲ ಒಂದೂವರೆ, ಹಗ್ಗ ಬೇಕೇ, ಬೇಡ, ಒಬ್ಬನೇ ಹೋಗುವವನಿಗೆ ಹಗ್ಗದ ಆ ತುದಿ ಹಿಡಿಯುವವರು ಯಾರು. ಹದಿನೆಂಟು ಕಿಲೋ ದಾಟಕೂಡದು, ಅರವತ್ತೊಂಬತ್ತರ ಮಂಡಿ, ಎಡಗಡೆಯದು ಮನೆಯ ಮೆಟ್ಟಿಲಿಳಿಯುವಾಗಲೇ ಕಟಕಟ ಅನ್ನುತ್ತದೆ, ಉತ್ತರದ ಬೆಟ್ಟಸೀಮೆ ಸಾರೆಕ್‌ನಲ್ಲಿ ಮೆಟ್ಟಿಲಿಲ್ಲ, ದಾರಿಯಿಲ್ಲ, ಫೋನು ಸಿಗುವುದಿಲ್ಲ, ಬಂಡೆ, ನೀರು, ಎದೆಮಟ್ಟದ ಪೊದೆ, ಹಿಮಸಾರಂಗಗಳು ನಡೆದು ನಡೆದು ಮೂಡಿಸಿದ ಜಾಡು, ಅವಕ್ಕೆ ಗೊತ್ತು ಎಲ್ಲಿಗೆ ಹೋಗಬೇಕೆಂದು, ತನಗೂ ಗೊತ್ತು. ನಾಲ್ಕನೆಯ ದಿನ ಹೊಳೆ, ಬೆಳಗ್ಗೆ ಬೇಗ ದಾಟಬೇಕು, ಮಧ್ಯಾಹ್ನವಾದರೆ ಮೇಲಿನ ಹಿಮ ಕರಗಿ ನೀರು ತೊಡೆಗೆ ಬರುತ್ತದೆ, ಐದನೆಯ ದಿನ ಬಂಡೆಗಳ ಆ ಇಳಿಜಾರು, ನಕ್ಷೆಯ ಮೇಲೆ ಪೊಲೀಸಿನವರು ಪೆನ್ಸಿಲ್ಲಿನಲ್ಲಿ ಹಾಕಿಕೊಟ್ಟ ಪುಟ್ಟ ಸೊನ್ನೆ, ಅಲ್ಲಿಗೆ ಹೋಗಿ ಏನು ಮಾಡ್ತೀಯ ಅಂತ ಕೇಳಿದರೆ, ಕೂತುಕೊಳ್ಳುವುದು, ಒಂದು ಹಗಲು ಒಂದು ರಾತ್ರಿ, ಎಸ್ಕಿಲ್ ಮಲಗಿದ್ದ ಜಾಗದಲ್ಲಿ ಸುಮ್ಮನೆ ಕೂತುಕೊಳ್ಳುವುದು. ಹನ್ನೊಂದಕ್ಕೆ ಮಗಳು ಫ್ರೀಡಾ ಬರುತ್ತಾಳೆ, ಚೀಟಿ ಈಸಿಕೊಳ್ಳಲು.

ಚೀಟಿ ಕೊಡದೆ ಬೆಟ್ಟಕ್ಕೆ ಹೋದವರು ಈ ಮನೆಯಲ್ಲಿ ಯಾರೂ ಇಲ್ಲ, ಯಾವ ಕಡೆಯಿಂದ ಹತ್ತುತ್ತೇನೆ, ಎಲ್ಲೆಲ್ಲಿ ಗುಡಾರ ಹಾಕುತ್ತೇನೆ, ಯಾವ ದಿನ ಎಷ್ಟು ಗಂಟೆಯೊಳಗೆ ನನ್ನ ಫೋನು ಬರದಿದ್ದರೆ ಪೊಲೀಸಿಗೆ ತಿಳಿಸಬೇಕು, ಇಷ್ಟು ಬರೆದು ನಂಬಿಕೆಯ ಒಬ್ಬರ ಕೈಗೆ ಕೊಡಬೇಕು, ಎಸ್ಕಿಲ್ ಅಪ್ಪನ ಕೈಗೇ ಕೊಡುತ್ತಿದ್ದ, ಮೂವತ್ತೈದು ವರ್ಷ ರೈಲು ಓಡಿಸಿದ ಅಪ್ಪ, ಒಂದು ನಿಮಿಷ ಹೆಚ್ಚುಕಡಿಮೆಯಾದರೆ ಅನ್ನ ಸೇರದ ಅಪ್ಪ. ಅದಕ್ಕೇ ಅಲ್ಲವೇ ಹೋದ ವರ್ಷದ ಹಿಂದಿನ ವರ್ಷ ಹಾಗಾದದ್ದು — ಶನಿವಾರ ಸಂಜೆ ಆರು ಅಂತ ಬರೆದುಕೊಟ್ಟಿದ್ದ, ಆರಾಯಿತು, ಆರೂ ಹತ್ತಕ್ಕೆ ತೂರೆ ಪೊಲೀಸಿಗೆ ಫೋನು ಮಾಡಿಯೇ ಬಿಟ್ಟ, ಹೆಲಿಕಾಪ್ಟರ್ ಹೋಯಿತು, ಹೋಗಿ ನೋಡಿದರೆ ಮಹಾರಾಯ ಚಡ್ಡಿಯಲ್ಲಿ ಕೂತು ಗಂಜಿ ಕಾಯಿಸುತ್ತಿದ್ದಾನೆ, ಹೊಳೆ ತುಂಬಿತ್ತಂತೆ, ಇಳಿಯಲಿ ಅಂತ ಕಾದನಂತೆ, ಪಕ್ಕದಲ್ಲಿ ಗುಡಾರ ಹಾಕಿದ್ದ ನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾನ ಹರಾಜು ಹಾಕ್ಬಿಟ್ಟೆ ಅಪ್ಪ, ಮೂವತ್ತಮೂರು ವರ್ಷದವ್ನು ನಾನು, ಹೆಲಿಕಾಪ್ಟರ್‌ನಲ್ಲಿ ಕೂರಿಸ್ಕೊಂಡು ಬಂದ್ರು, ಶಾಲೆ ತಪ್ಪಿಸ್ಕೊಂಡ ಹುಡುಗನ್ನ ಕರ್ಕೊಂಡು ಬಂದ್ಹಾಗೆ, ಇದೇ ಮೇಜಿನ ಮುಂದೆ ಕೂತು ಅಂದ, ಅಂದು ತಾನೂ ನಕ್ಕ, ಮುಂದಿನ್ಸಲ ಒಂದ್ ದಿನ ತಡ್ಕೋ ಮಾರಾಯ, ಬರ್ತೀನಿ, ಎಲ್ಲಿಗ್ ಹೋಗ್ತೀನಿ. ತೂರೆಗೆ ನಗು ಬರಲಿಲ್ಲ. ಜನರಿಗೆ ಸುಮ್ಮಸುಮ್ಮನೆ ತೊಂದರೆ ಕೊಟ್ಟೆನಲ್ಲ ಎಂದು ವಾರಗಟ್ಟಲೆ ಮುಖ ತಗ್ಗಿಸಿಕೊಂಡು ಓಡಾಡಿದ, ಆ ಪೈಲಟ್ಟಿಗೂ ಹೆಂಡತಿ ಮಕ್ಕಳಿದ್ದಾರು, ಶನಿವಾರ ಸಂಜೆ ಊಟಕ್ಕೆ ಕೂತಿದ್ದನೋ ಏನೋ, ಒಂದು ಕ್ಷಮೆಯ ಕಾಗದವನ್ನೂ ಬರೆದ. ನಮ್ಮವರಿಗೆ ಇದೊಂದು ಜಾಡ್ಯ, ಸಾಯುತ್ತಿದ್ದರೂ ಇನ್ನೊಬ್ಬರ ಬಾಗಿಲು ತಟ್ಟಲು ಹಿಂದೆ ಮುಂದೆ ನೋಡುವುದು.

ಹೋದ ಆಗಸ್ಟಿನಲ್ಲಿ ಅವನು ಕೊಟ್ಟ ಚೀಟಿ — ಅದು ನಕ್ಷೆಯ ಚೀಲದ ಒಳಜೇಬಿನಲ್ಲಿದೆ, ಹತ್ತು ತಿಂಗಳಿಂದ ಅಲ್ಲೇ, ತೆಗೆದು ನೋಡಬೇಕಾಗಿಲ್ಲ, ಅವನ ಅಕ್ಷರ, ವಾಲಿದ ಅಕ್ಷರ, ಭಾನುವಾರ, ಸಂಜೆ ಆರು. ಆ ಭಾನುವಾರ ತೂರೆ ತಡೆದುಕೊಂಡ. ಹೌದು, ತಡೆದುಕೊಂಡ, ಫೋನು ಕೈಲಿ ಹಿಡಿದು ಕೆಳಗಿಟ್ಟ, ಈ ಸಲ ಮಾನ ಕಳೆಯುವುದಿಲ್ಲ ನೋಡು ಮಗನೇ, ಸೋಮವಾರ ಸಂಜೆ ಆರಕ್ಕೆ ಮಾಡಿದ, ರಾತ್ರಿ ಒಂಬತ್ತಕ್ಕೆ ಎಸ್ಕಿಲ್ ಸಿಕ್ಕಿದ. ಬಂಡೆ ಉರುಳಿ ಕಾಲು ತೊಡೆಯ ಹತ್ತಿರ ಮುರಿದಿತ್ತು, ತೆವಳಿಕೊಂಡೇ ಮಲಗುವ ಚೀಲದೊಳಗೆ ಸೇರಿಕೊಂಡಿದ್ದ, ನಡೆಯುವ ಕೋಲಿಗೆ ತನ್ನ ಕೆಂಪು ಅಂಗಿ ಕಟ್ಟಿ ಕಲ್ಲಿನ ಸಂದಿಗೆ ಸಿಕ್ಕಿಸಿದ್ದ, ಮೇಲಿನಿಂದ ಬರುವವರಿಗೆ ಕಾಣಲಿ ಅಂತ, ಅಂಗಿ ದೂರದಿಂದಲೇ ಕಂಡಿತು ಎಂದರು ಪೊಲೀಸಿನವರು, ಅದೊಂದೇ ಕಂಡಿತು — ಜೀವ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಹೋಗಿರಬೇಕು ಎಂದರು ಡಾಕ್ಟರು, ಮಳೆ, ಚಳಿ, ರಕ್ತ. ಎಷ್ಟು ಗಂಟೆಗೆ ಅಂತ ಮಾತಾಗಿತ್ತು ನಿಮ್ಮಿಬ್ಬರಿಗೆ, ಎಂದು ಪೊಲೀಸಿನವಳು ಮೆಲ್ಲಗೆ ಕೇಳಿದಳು, ಸೋಮವಾರ ಆರು, ಅಂದ ತೂರೆ, ಬಾಯಿ ತಾನಾಗಿ ಅಂದುಬಿಟ್ಟಿತು, ಅವಳು ಬರೆದುಕೊಂಡಳು. ನೀವು ಸರಿಯಾದ ಹೊತ್ತಿಗೇ ಮಾಡಿದ್ದೀರಿ ಅಂದಳು. ಚರ್ಚಿನಲ್ಲಿ ಎಲ್ಲರೂ ಅದನ್ನೇ ಅಂದರು, ಭುಜ ಒತ್ತಿ ಒತ್ತಿ ಅಂದರು.

ಬಾಗಿಲು ತೆರೆದ ಸದ್ದು, ಉಫ್ ಏನಪ್ಪ ಇದು ನಾತ, ಫ್ರೀಡಾ, ಬೂಟು ಬಿಚ್ಚುತ್ತಲೇ ಶುರು, ಅಕ್ಕಪಕ್ಕದವ್ರು ನಾಯಿಗೆ ಬೇಯಿಸ್ತಿದೀಯ ಅಂದ್ಕೊಂಡಾರು, ಕಾಫಿ ಇದ್ಯಾ, ದಾಲ್ಚಿನ್ನಿ ಬನ್ ತಂದಿದೀನಿ. ನಕ್ಷೆ ನೋಡುತ್ತಾಳೆ, ಪೆನ್ಸಿಲ್ಲಿನ ಸೊನ್ನೆಯ ಮೇಲೆ ಬೆರಳು ಬರುತ್ತದೆ, ನಿಲ್ಲುವುದಿಲ್ಲ, ಮುಂದೆ ಸರಿಯುತ್ತದೆ. ಇಷ್ಟು ಭಾರ ಹೊತ್ಕೊಂಡು ಹೋಗ್ತೀಯಾ, ಬೆನ್ನು ಮುರ್ಕೊಂಡ್ರೆ ನಾನು ನೋಡ್ಕೊಳ್ಳಲ್ಲ ಹೇಳ್ಬಿಟ್ಟಿದೀನಿ, ಅಂದವಳ ಕಣ್ಣು ಅದನ್ನು ಅನ್ನುತ್ತಿಲ್ಲ, ಪಾಪ, ಒಬ್ಬ ತಮ್ಮನಿದ್ದ, ಈಗ ಒಬ್ಬ ಅಪ್ಪ. ಚೀಟಿ ಎಲ್ಲಿ, ಅಂದಳು. ಇಲ್ಲೇ ಇದೆ, ಎಲ್ಲ ಬರೆದಾಗಿದೆ, ಹಗಲು ಒಂಬತ್ತು, ಗುಡಾರ ಎಂಟು ಕಡೆ, ಕೊನೆಯ ಸಾಲು ಮಾತ್ರ ಖಾಲಿ. ದಿನ ಯಾಕಪ್ಪ ಬರ್ದಿಲ್ಲ, ಅಂತ ಫ್ರೀಡಾ, ದಿನ ಇಲ್ದೆ ನಾನಿದನ್ನ ತಗೊಳ್ಳಲ್ಲ, ತಗೊಳ್ದಿದ್ರೆ ನೀನು ಹೋಗಲ್ಲ, ಹಾಗಂತ ಮಾತು ಕೊಟ್ಟಿದೀಯ. ಬರಿತೀನಿ ಅಂದ. ಆಮೇಲೆ ಅವಳು, ಸಕ್ಕರೆ ಹಾಕಿಕೊಳ್ಳುತ್ತ, ಏನೂ ಅಲ್ಲದ ಮಾತಿನ ಹಾಗೆ, ಎಸ್ಕಿಲ್‌ದು ಇದೆಯಲ್ಲ ನಿನ್ಹತ್ರ, ಅದನ್ನೇ ನೋಡ್ಕೊಂಡು ಅವ್ನು ಬರೆದ್ಹಾಗೇ ಬರಿ, ಎಲ್ಲಿ, ಕೊಡು, ನಾನೂ ಒಂದ್ಸಲ ನೋಡ್ತೀನಿ ಅವನ ಅಕ್ಷರ.

ಕಳೆದುಹೋಯಿತು ಎನ್ನಬಹುದು, ಪೊಲೀಸಿನವರು ಇಟ್ಟುಕೊಂಡರು ಎನ್ನಬಹುದು, ಹತ್ತು ತಿಂಗಳು ಎಷ್ಟೊಂದು ಮಾತು ತಯಾರು ಮಾಡಿಕೊಂಡಿದ್ದ, ಆದರೆ ಅಲ್ಲಿ ಹೋಗಿ ಕೂತುಕೊಳ್ಳಬೇಕೆಂದಿದ್ದೀಯಲ್ಲ, ಈ ಸುಳ್ಳನ್ನು ಹೊತ್ತುಕೊಂಡು ಆ ಬಂಡೆಯ ಮೇಲೆ ಯಾವ ಮುಖದಲ್ಲಿ ಕೂರುತ್ತೀಯ — ಕೈ ಒಳಜೇಬಿಗೆ ಹೋಯಿತು, ಕೊಟ್ಟೇಬಿಟ್ಟ. ಅವಳು ಮೊದಲು ಮುಗುಳ್ನಕ್ಕಳು, ಅಕ್ಷರ ನೋಡಿ. ಆಮೇಲೆ ಕೆಳಗಿನ ಸಾಲಿಗೆ ಬಂದಳು. ಇದರಲ್ಲಿ ಭಾನುವಾರ ಅಂತಿದೆ ಅಪ್ಪ. ಹೂಂ. ನೀನು ಸೋಮವಾರ ಮಾಡಿದ್ದು. ಹೂಂ, ಒಂದು ದಿನ ತಡ್ಕೊಂಡೆ ಫ್ರೀಡಾ, ಆ ಹೆಲಿಕಾಪ್ಟರ್ ವಿಷ್ಯಕ್ಕೆ, ಅವ್ನೇ ಹೇಳಿದ್ದ ತಡ್ಕೋ ಅಂತ, ತಮಾಷೆಗೆ ಹೇಳಿದ್ದ, ನಂಗ್ ತಮಾಷೆ ಅಂತ ತಿಳೀಲಿಲ್ಲ, ಪೊಲೀಸಿಗೆ ಸುಳ್ಳು ಹೇಳ್ದೆ, ನಿಂಗೂ ಹೇಳ್ದೆ. ಅವಳು ಗಡಿಯಾರ ನೋಡಿದಳು, ಯಾಕೆ ನೋಡಿದಳೋ, ಆ ಭಾನುವಾರ ಆರು ಗಂಟೆಗೆ ಏನ್ಮಾಡ್ತಿದ್ದೆ, ಅಂದಳು. ಪಾತ್ರೆ ತೊಳೀತಿದ್ದೆ. ಅವಳು ಪೆನ್ನು ತೆಗೆದುಕೊಂಡು ಅಪ್ಪನ ಚೀಟಿಯ ಖಾಲಿ ಸಾಲಿನಲ್ಲಿ ತಾನೇ ಬರೆದಳು, ಒತ್ತಿ ಒತ್ತಿ ಬರೆದಳು, ಭಾನುವಾರ, ಸಂಜೆ ಆರು, ಆರಕ್ಕೆ ಅಂದ್ರೆ ಆರಕ್ಕೇ ಮಾಡ್ತೀನಿ ನಾನು, ನೀನು ಗಂಜಿ ಕುಡೀತಾ ಕೂತಿದ್ರೂ ಸರಿ, ಅಂದಳು, ಎರಡೂ ಚೀಟಿ ತೆಗೆದುಕೊಂಡಳು, ಬೂಟಿನ ದಾರ ಕಟ್ಟಲೂ ನಿಲ್ಲಲಿಲ್ಲ. ಅವಳ ಕಾಫಿ ಹಾಗೇ ಇದೆ. ಪಾತ್ರೆ ತೊಳೆಯುತ್ತಿದ್ದ, ಹೌದು, ಒಬ್ಬನ ಊಟದ ಪಾತ್ರೆ, ಎಷ್ಟಿರುತ್ತದೆ, ಆಲೂಗಡ್ಡೆ ಬೇಯಿಸಿದ ಪಾತ್ರೆಯನ್ನು ಎರಡು ಸಲ ತೊಳೆದ, ಒರೆಸಿದ, ಬಿಸಿನೀರು ಕೈಗೆ ಹಿತವಾಗಿತ್ತು, ಕಿಟಕಿಯಲ್ಲಿ ಇನ್ನೂ ಬೆಳಕು, ಅಲ್ಲೂ ಬೆಳಕಿತ್ತು, ಆರು ಗಂಟೆಗೆ ಅವನು ಜೀವಂತ ಇದ್ದ, ಅಪ್ಪನನ್ನು ಬಲ್ಲವನು, ಅಪ್ಪ ತಡೆಯುವ ಆಸಾಮಿಯಲ್ಲ ಎಂದು ಬಲ್ಲವನು, ಆರೂ ಹತ್ತಕ್ಕೆ ಆಕಾಶ ನೋಡಿರುತ್ತಾನೆ, ಏಳಕ್ಕೆ ನೋಡಿರುತ್ತಾನೆ, ಗಾಳಿಗೆ ಬಾಗಿದ ಕೋಲನ್ನು ಕೈ ಚಾಚಿ ನೆಟ್ಟಗೆ ಮಾಡಿರುತ್ತಾನೆ, ಎಂಟಕ್ಕೆ, ಒಂಬತ್ತಕ್ಕೆ, ಅಂಗಿ, ಒದ್ದೆ ಅಂಗಿ, ಕೋಲಿನ ತುದಿಯಲ್ಲಿ, ಕೆಂಪಗೆ.