ಜಪಾನಿನವರಿಗೊಂದು ಮಾತು

ಮೋಕ್ಷಿತ್ ಫೋನನ್ನು ಕಿವಿಗೊತ್ತಿಕೊಂಡು ಗಂಟಲು ಸರಿಮಾಡಿಕೊಂಡ. "ಮೊಶಿ ಮೊಶಿ" ಅಂದ. ಜಪಾನಿನವರ ಹಲೋ ಅದು.

ಅವನು ಹಾಗೇ ನಿಂತಿರಲಿ, ನೀವು ಇತ್ತ ಕೇಳಿ. ಹುಳಿಯಾರಿನಿಂದ ತುರುವೇಕೆರೆಯವರೆಗೆ ಎಷ್ಟು ತೆಂಗಿನಮರವಿದೆಯೋ ಅಷ್ಟು ಜನರನ್ನು ನಿಲ್ಲಿಸಿ ವಿಚಾರಿಸಿ ಸ್ವಾಮಿ. ಸಮಾಧಿ ಗುಂಡಿಯ ಪಕ್ಕ ನಿಂತು, ಜಪಾನಿಗೆ ಫೋನು ಹಚ್ಚಿ, ಜಪಾನಿಯಲ್ಲೇ ಮಾತಾಡಿದ ಗಂಡು ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ. ಹೊನ್ನವಳ್ಳಿಯ ಇನ್ನೂರು ಜನ ಸುತ್ತ ನಿಂತಿದ್ದರು. ಒಬ್ಬರೂ ಕೆಮ್ಮಲಿಲ್ಲ. ಹೀರೋಗೆ ಇಪ್ಪತ್ತೊಂದು ವರ್ಷ. ಹಿನ್ನೆಲೆ ಸಂಗೀತ ಒಂದು ಇರಲಿಲ್ಲ, ಅಷ್ಟೇ.

* * *

ಅವತ್ತು ಬೆಳಿಗ್ಗೆ ಇಂಪನಾಳನ್ನು ಜಗುಲಿಯ ಕಂಬಕ್ಕೆ ಒರಗಿಸಿ, ಅವರ ಜನರ ಪದ್ಧತಿಯಂತೆ ಚಕ್ಕಳಮಕ್ಕಳ ಹಾಕಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಇಪ್ಪತ್ತಾರು ವರ್ಷ. ತಿಪಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಒಂದು ವಾರ ಡೆಂಗಿ ಜ್ವರ. ತುಮಕೂರಿನ ಆಸ್ಪತ್ರೆಯಿಂದ ಹಿಂದಿನ ಸಂಜೆ ಹೆಣವಾಗಿ ಬಂದಿದ್ದಳು.

"ಜಪಾನ್ ಕೆಲ್ಸ ಗ್ಯಾರಂಟಿ ಆಗಿತ್ತು ಕಣ್ಲಾ," ಅಂದ ಪಕ್ಕದ ತೋಟದ ಕೆಂಪಯ್ಯ. "ದೇವ್ರಿಗೆ ಕಣ್ಣಿಲ್ಲ."

"ಮುದುಕ್ರ ಮೈ ತೊಳಿಯಕ್ಕೆ ಅಷ್ಟ್ ದೂರ ಹೋಗ್ಬೇಕಿತ್ತಾ?" ಬೋರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಇಲ್ಲಿ ತೊಳುದ್ರೆ ಯಾರ್ ಕೇಳ್ತಾರೆ? ನಿನ್ ಅತ್ತೇನ ಹತ್ತು ವರ್ಷ ತೊಳುದಲ್ಲ, ಯಾವ್ ಪೇಪರ್‌ನಾಗೆ ಬಂತು?"

"ಸಾವಿನ್ ಮನೇಲೂ ನಿನ್ ಬಾಯಿಗೆ ಬೀಗ ಇಲ್ಲ ನೋಡು!"

ಇಂಪನಾಳ ತಂದೆ ತೋಂಟದಾರ್ಯ ಎದ್ದು ಬಂದು ಮೋಕ್ಷಿತನ ಭುಜ ಹಿಡಿದ. ಮೋಕ್ಷಿತ್ ಅವನ ತಮ್ಮನ ಮಗ.

"ಮೋಕ್ಷಿ, ಆ ಜಪಾನಿನೋರು ಕಾಯ್ತಾ ಇರ್ತಾರೆ ಕಣಪ್ಪ. ಮಗ್ಳು ಬತ್ತೀನಿ ಅಂತ ಮಾತು ಕೊಟ್ಟವ್ಳೆ. ಆ ಮಾತು ಇಳಿಸ್ದೆ ಮಣ್ಣಿಗಿಡಬಾರ್ದು. ಭಾಷೆ ಬರೋನು ನೀನೊಬ್ಬನೇ. ಗುಂಡಿ ಹತ್ರನೇ ಒಂದ್ ಮಾತು ಹೇಳ್ಬುಡು."

"ದೊಡ್ಡಪ್ಪ, ಅದು..." ಅಂದ ಮೋಕ್ಷಿತ್.

"ನಂಗೊತ್ತು, ನಿಂಗೂ ಕಷ್ಟ. ನನ್ ಮಗ್ಳು ಮಾತಿಗೆ ತಪ್ಪಿದ್ಲು ಅಂತ ಅವ್ರು ಅನ್ಕೋಬಾರ್ದು."

* * *

ಮೂರು ತಿಂಗಳ ಹಿಂದೆ, ಕೊಬ್ಬರಿ ಅಟ್ಟದ ಕೆಳಗೆ, ಸಂಜೆ ಡ್ಯೂಟಿ ಮುಗಿಸಿ ಬಂದ ಇಂಪನಾ ಜಪಾನಿ ಕಲಿಯುವ ಪುಸ್ತಕ ಮುಚ್ಚಿಟ್ಟಿದ್ದಳು.

"ನಮ್ ಆನ್‌ಲೈನ್ ಟೀಚರ್ ಬೈದ್ರು ಕಣೋ. ನೀನು ಮಾತಾಡಲ್ಲ, ವಾರ್ತೆ ಓದ್ತೀಯ ಅಂತ. ಅಲ್ಲಿ ಎದುರಿಗಿರೋರು ಮಾತಾಡ್ತಿದ್ರೆ ಸುಮ್ನೆ ಕೂರಂಗಿಲ್ವಂತೆ. ಹಾಯ್, ಹಾಯ್, ಸೋ ದೆಸು ನೆ, ಅಂದ್ರೆ ಹೌದು, ಹೌದಲ್ವಾ, ಅಂತ ಅಂತಾನೇ ಇರ್ಬೇಕಂತೆ."

"ಅಂದ್ರೆ ಹೂಂಗುಡಾದು! ಅಜ್ಜಿ ಕತೆ ಹೇಳುವಾಗ ನಾವ್ ಮಾಡ್ತಿರ್ಲಿಲ್ವಾ? ಇಷ್ಟಕ್ಕೆ ಫೀಸು ಬೇರೆ ತಗತಾರಾ?"

ಇಂಪನಾ ನಕ್ಕಿದ್ದಳು. ಅವತ್ತಿನಿಂದ ಮೋಕ್ಷಿತ್ ಜಪಾನಿನ ಮುದುಕನಾದ. ಟವೆಲು ಹೊದ್ದು ಚಾಪೆಯ ಮೇಲೆ ನರಳುತ್ತ, ವಿಲನ್ ದನಿಯಲ್ಲಿ "ಏ ನರ್ಸಮ್ಮ, ಈ ಸೊಂಟ ನೂರು ಜನರನ್ನ ಹೊಡೆದುರುಳಿಸಿದ ಸೊಂಟ, ಹುಷಾರಾಗಿ ಎತ್ತು!" ಅನ್ನುವನು. ಅವಳು ನಗು ತಡೆದುಕೊಂಡು, ತೋಳಿಗೆ ಕೈ ಕೊಟ್ಟು ಎಬ್ಬಿಸುತ್ತ, ಅಂದಿನ ವಾಕ್ಯಗಳನ್ನು ಹೇಳುವಳು. ಕೇಳಿ ಕೇಳಿ ಐದಾರು ಅವನ ನಾಲಿಗೆಗೂ ಅಂಟಿದವು. ತೋಂಟದಾರ್ಯ ಬಾಗಿಲಲ್ಲಿ ನಿಂತು, ಜಪಾನಿನವರು ಬಗ್ಗಿ ನಮಸ್ಕರಿಸುವುದು ಹೇಗೆಂದು ಮಗಳಿಂದ ಕಲಿತುಕೊಂಡ. ಅರವತ್ತರ ಬೆನ್ನು ಸರಿಯಾಗಿ ಬಗ್ಗುತ್ತಿರಲಿಲ್ಲ.

* * *

ಜಪಾನಿನವರು ವೀಡಿಯೊದಲ್ಲಿ ಇಂಪನಾಳ ಇಂಟರ್‌ವ್ಯೂ ಮಾಡಿ ಒಂಬತ್ತನೇ ದಿನ. ಮೋಕ್ಷಿತ್ ತಿಪಟೂರಿನಲ್ಲಿ ಗೆಳೆಯ ಇಮ್ದಾದನ ಮೊಬೈಲ್ ಅಂಗಡಿಯಲ್ಲಿ ಕೂತು, ಅವನ ಫೋನಿನಿಂದ ಇಂಪನಾಳಿಗೆ ಕಾಲ್ ಮಾಡಿದ. ಮೂಗು ಹಿಡಿದುಕೊಂಡು, ಮೊಬೈಲಿನಲ್ಲಿ ಹುಡುಕಿ ಬರೆದುಕೊಂಡಿದ್ದ ಜಪಾನಿ ಚೀಟಿ ಓದಿದ: ಇಂಪನಾ-ಸಾನ್, ನೀವು ಪಾಸಾಗಿದ್ದೀರಿ, ಅಭಿನಂದನೆ.

ಆ ಕಡೆಯಿಂದ "ಹಾಯ್... ಹಾಯ್... ಸೋ ದೆಸು ನೆ..." ಎಂಥ ಸಲೀಸು! ಪುಸ್ತಕದ ವಾಸನೆಯೇ ಇಲ್ಲ. ಅವಳು ಕೊನೆಗೂ ಮಾತಾಡಲು ಕಲಿತಿದ್ದಳು.

"ಲೇ, ಸಾಕು, ಪಾಪ ಹೇಳ್ಬುಡೋ," ಅಂದ ಇಮ್ದಾದ್.

ನೇರ ಹೋಗಿ ಹೇಳಿ ನಗಿಸೋಣವೆಂದು ಮೋಕ್ಷಿತ್ ಬೈಕ್ ಹತ್ತಿದ. ಹೊನ್ನವಳ್ಳಿ ಮುಟ್ಟುವಷ್ಟರಲ್ಲಿ ತೋಂಟದಾರ್ಯ ಬೀದಿಯಲ್ಲಿ ಮೈಸೂರುಪಾಕು ಹಂಚುತ್ತಿದ್ದ. ದೊಡ್ಡದೊಂದು ತುಂಡನ್ನು ಇವನ ಬಾಯಿಗೇ ತುರುಕಿದ. ಅಪರೂಪಕ್ಕೆ ಮೋಕ್ಷಿತನಿಗೆ ಡೈಲಾಗು ಮರೆತುಹೋಯಿತು.

* * *

ಇಂಪನಾ ಬಾಯಿಬಿಟ್ಟದ್ದು ಇಪ್ಪತ್ತು ದಿನ ಕಳೆದ ಮೇಲೆ. ಜ್ವರ ಬಂದಿತ್ತು. ಅವನ ಬೈಕಿನ ಹಿಂದೆ ಕೂತು ತಿಪಟೂರಿಗೆ ರಕ್ತಪರೀಕ್ಷೆಗೆ ಹೊರಟಿದ್ದಳು.

"ಅವತ್ತು ಮೊದಲ್ನೇ ಮಾತಿಗೇ ನೀನು ಅಂತ ಗೊತ್ತಾಯ್ತು ಕಣೋ."

ಬೈಕ್ ಒಂದಿಷ್ಟು ಓಲಾಡಿತು. "ಇಂಪಕ್ಕ! ಮತ್ತೆ ಬೈಯ್ಬೇಕು ತಾನೆ?"

"ಅಪ್ಪ ಎದುರಿಗೇ ಕೂತಿತ್ತು. ಫೋನ್ ಸ್ಪೀಕರಲ್ಲಿತ್ತು. ಆ ಮುಖ ನೋಡಿದ್ರೆ ನೀನೂ ಹಾಯ್ ಅಂತಿದ್ದೆ." ಅವನ ಬೆನ್ನಿಗೆ ಹಣೆ ಒರಗಿಸಿ ಅಂದಳು: "ಅವತ್ತು ಬೆಳಿಗ್ಗೆನೇ ಜಪಾನಿಂದ ಮೇಲ್ ಬಂದಿತ್ತು. ಸೆಲೆಕ್ಟ್ ಆಗ್ಲಿಲ್ಲ ಅಂತ."

ಅವನು ಬೈಕನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ.

"ಅಪ್ಪ ಸೂಟ್‌ಕೇಸು ತಂದಿಟ್ಟೈತೆ. ದಿನಾ ಒರೆಸ್ತದೆ. ನಂಗೆ ಆಗಲ್ಲಪ್ಪ ಇನ್ನು. ಜ್ವರ ಬಿಡ್ಲಿ, ಕೂತು ಹೇಳಣ. ಮೊದ್ಲು ನೀನೇ ಬಾಯ್ ಬಿಡ್ಬೇಕು, ಶುರು ಮಾಡಿದ್ದು ನೀನು. ಹೇಳ್ತೀಯ ತಾನೆ?"

"ಹೇಳ್ತೀನಿ. ನಿನ್ನಾಣೆ."

ಜ್ವರ ಬಿಡಲಿಲ್ಲ.

* * *

ಗುಂಡಿಯನ್ನು ತೋಟದಲ್ಲೇ ತೋಡಿದ್ದರು. ಕಡಿದ ತೆಂಗಿನ ಬೇರುಗಳು ಅಂಚಿನಲ್ಲಿ ಕೆಂಪಗೆ ಇಣುಕುತ್ತಿದ್ದವು. ಒಳಗೆ, ಪಕ್ಕದ ಗೂಡಿನಲ್ಲಿ, ಇಂಪನಾಳನ್ನು ಕೂರಿಸಿ ಆಗಿತ್ತು. ಅಯ್ನೋರು ಮಂತ್ರ ನಿಲ್ಲಿಸಿ ಕೈಸನ್ನೆ ಮಾಡಿದರು. ತಾಯಿ ದ್ರಾಕ್ಷಾಯಣಮ್ಮ "ಹೇಳ್ಬುಡಪ್ಪ, ನನ್ ಕೂಸಿಗೆ ತಡ ಆಯ್ತದೆ," ಅಂದಳು. ಮೋಕ್ಷಿತ್ ಫೋನನ್ನು ಕಿವಿಗೊತ್ತಿಕೊಂಡ.

ಇಲ್ಲಿಗೆ ಬಂದ ಮೇಲೆ ನಿಜ ಹೇಳಿಬಿಡುವುದು ಮೇಲು. ಆಗಲೇ ಕೊಚ್ಚಿಕೊಂಡದ್ದೆಲ್ಲ ಬೊಗಳೆ. ಅವನು ಯಾರಿಗೂ ಫೋನು ಹಚ್ಚಿರಲಿಲ್ಲ. ಹಚ್ಚಲು ನಂಬರೂ ಇರಲಿಲ್ಲ. ಅವನಿಗೆ ಜಪಾನಿ ಬರುತ್ತಿರಲಿಲ್ಲ. ಸಾವಿಗೆ ಆ ಭಾಷೆಯಲ್ಲಿ ಏನನ್ನುತ್ತಾರೆಂದು ಇಂಪನಾ ಯಾವತ್ತೂ ಹೇಳಿರಲಿಲ್ಲ. ಫೋನು ಕೆಳಗಿಳಿಸಿ "ದೊಡ್ಡಪ್ಪ, ಎಲ್ಲ ಸುಳ್ಳು" ಅನ್ನಬೇಕೆಂದೇ ಬಾಯಿ ತೆರೆದ. ಆಣೆ ಇಟ್ಟಿದ್ದನಲ್ಲ. ಬಾಯಿಗೆ ಬಂದದ್ದು ಚಾಪೆಯ ಮೇಲೆ ಮಲಗಿ ದಿನವೂ ಕೇಳಿದ್ದ ವಾಕ್ಯಗಳು.

"ಇತಾಯಿ ದೆಸು ಕಾ?" ಅಂದ. ನೋವಾಗ್ತಿದೆಯಾ ಅಂತ ಅದರ ಅರ್ಥ. "ಯುಕ್ಕುರಿ ಒಕಿತೆ ಕುದಸಾಯ್." ನಿಧಾನಕ್ಕೆ ಏಳಿ. ಇನ್ನೊಮ್ಮೆ ಹೇಳಿದ. ದನಿ ಒಡೆಯಿತು. ಹೆಂಗಸರು ಹೋ ಎಂದು ಅತ್ತರು.

ಹೇಳಲಿಲ್ಲ, ಸ್ವಾಮಿ. ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಗುಂಡಿಯ ಆಚೆ ದಡದಲ್ಲಿ ತೋಂಟದಾರ್ಯ, ಎರಡೂ ಕೈ ತೊಡೆಗೆ ಅಂಟಿಸಿಕೊಂಡು, ಆ ಫೋನಿನ ಕಡೆಗೆ ಬಗ್ಗಿದ್ದ. ಹೆಗಲ ಮೇಲಿನ ಟವೆಲು ಜಾರಿ ಮಣ್ಣಿನ ಗುಡ್ಡೆಯ ಮೇಲೆ ಬಿತ್ತು. ಎತ್ತಿಕೊಳ್ಳಲಿಲ್ಲ. ಇನ್ನಷ್ಟು ಬಗ್ಗಿದ.