ಉಲ್ಟಾ ಮಾವನ ಜೂಮ್ ಲೆನ್ಸ್

ಉಲ್ಟಾ ಮಾವನ ಕೈಗೆ ಬಿಗಿಯಾದ ಡಬ್ಬಿ ಕೊಟ್ಟವರು ಕೆಟ್ಟರೆಂದೇ ಲೆಕ್ಕ. ಮುಚ್ಚಳ ತೆಗೆಯುವ ಬದಲು ಇನ್ನಷ್ಟು ಬಿಗಿದು, ಪರಮ ಸಮಾಧಾನದಿಂದ ಹಿಂದಿರುಗಿಸುತ್ತಾರೆ. ನಲ್ಲಿ, ಬೀಗ, ಎಲ್ಲಕ್ಕೂ ಇದೇ ಗತಿ. ಯೌವನದಲ್ಲಿ ಛಾಯಾಗ್ರಾಹಕರೊಬ್ಬರ ಸಹಾಯಕರಾಗಿ ಅವರು ಹಗಲಿಡೀ ಫೋಕಸ್ ಹಿಡಿಯುತ್ತಿದ್ದ ಜೂಮ್ ಲೆನ್ಸು ಈಗಿನವುಗಳಿಗೆ ತದ್ವಿರುದ್ಧವಾಗಿ ತಿರುಗುತ್ತಿತ್ತು. ಅಂದು ಕೈಗೆ ಹತ್ತಿದ ದಿಕ್ಕು ಮತ್ತೆ ಬಿಡಲಿಲ್ಲ. "ಇಷ್ಟು ವರ್ಷ ಸಂಸಾರ ಮಾಡಿದೀನಿ, ಒಂದು ಮುಚ್ಚಳ ತೆಗೆಸ್ಕೊಂಡ ಪುಣ್ಯ ಇಲ್ಲ ನಂಗೆ" ಎಂದು ಹೆಂಡತಿ ರೇಗಿದರೆ, ಹೊಗಳಿಸಿಕೊಂಡವರಂತೆ ಮೀಸೆಯಡಿ ನಗುತ್ತಾರೆ.

ಹಳೆಯ ಲೆನ್ಸುಗಳ ಗಾಜುಗಳನ್ನು ಬಿಡಿಸಿ, ಹೊಸ ಕ್ಯಾಮೆರಾಗಳಿಗೆ ಹೊಂದುವ ಲೋಹದ ಒಡಲನ್ನು ಲೇತ್ ಯಂತ್ರದಲ್ಲಿ ಕಡೆದು, ಅವನ್ನು ಅದರೊಳಗೆ ಕೂರಿಸಿಕೊಡುವುದು ಈಗ ಅವರ ಕಸುಬು. ಮನೆಯ ಹಿಂಬದಿಯ ಕೋಣೆಯೇ ವರ್ಕ್‌ಶಾಪು. ಅಲ್ಲಿ ತೊಡುವ ಬೂದುಬಣ್ಣದ ಕೋಟಿನ ಜೇಬುಗಳ ಬಾಯಿಗೆಲ್ಲ ಹೊಲಿಗೆ ಬಿದ್ದಿದೆ, ಸಾಸಿವೆಯಷ್ಟು ಸಣ್ಣ ತಿರುಪುಗಳು ಒಳಗೆ ಬಿದ್ದರೆ ದೇವರೇ ಹುಡುಕಬೇಕು. ಗಾಜು ಎತ್ತುವಾಗ ಉಸಿರಿನ ಮಂಜು ಕೂತೀತೆಂದು ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಉಳಿದರ್ಧವನ್ನು ಕೇಳುವವರು ಊಹಿಸಿಕೊಳ್ಳಬೇಕು.

ಅವರ ಕೈ ಪಳಗಿದ್ದ ಅದೇ ಜೂಮ್ ಲೆನ್ಸು ಕೊನೆಗೆ ಅವರ ಪಾಲಿಗೇ ಬಂದಿತ್ತು. ಅದನ್ನು ಕೇಳಿದವಳು ತಂಗಿಯ ಮಗಳು, ಮೊದಲ ಸಿನಿಮಾಕ್ಕೆ ಕ್ಯಾಮೆರಾ ಹಿಡಿಯಲು ಹೊರಟವಳು. ಆ ಗಾಜು ಮುಖಗಳಿಗೆ ಕೊಡುವ ಮೃದುತ್ವವನ್ನು ಬೇರೆಲ್ಲೂ ಆಕೆ ಕಂಡಿರಲಿಲ್ಲ. ಚಿತ್ರದ ಮೊದಲ ದೃಶ್ಯದಲ್ಲೇ ನಟಿಯೊಬ್ಬಳು ಬೀದಿಯ ತುದಿಯಿಂದ ಕ್ಯಾಮೆರಾದವರೆಗೂ ನಡೆದು ಬರಬೇಕು, ನಡುವೆ ಒಂದೂ ಕತ್ತರಿ ಇಲ್ಲ. ಫೋಕಸ್ ಒಮ್ಮೆ ಜಾರಿದರೆ ದೃಶ್ಯವೂ ಹೋಯಿತು, ಹೊಸಬಳ ಮೇಲೆ ಇಟ್ಟ ನಂಬಿಕೆಯೂ ಹೋಯಿತು.

ಮಾವ ಊಟ ನಿದ್ದೆ ಮರೆತು ಹೊಸ ಒಡಲು ಕಡೆದರು. ಲೆನ್ಸು ಕ್ಯಾಮೆರಾ ಏರಿದ ದಿನ ಪರೀಕ್ಷೆಗೆಂದು ಅತ್ತೆ ಗೇಟಿನಿಂದ ನಡೆದು ಬಂದರು. ಫೋಕಸ್ ಹಿಡಿದಿದ್ದ ಹುಡುಗಿಯ ಕೈ ಮೊದಲು ಒಂದು ಕಡೆ ಹೋಗಿ, ಬೆಚ್ಚಿ, ಇನ್ನೊಂದು ಕಡೆ ತಿರುಗಿತು.

"ಯಾಕೆ ಪುಟ್ಟಿ, ಕೈ ತಡವರಿಸ್ತು?"

"ಏನಿಲ್ಲ ಮಾವ, ಇದು ನಿಮ್ಮ ಕಡೆ ತಿರುಗುತ್ತೆ. ಅಭ್ಯಾಸ ಮಾಡ್ಕೋತೀನಿ ಬಿಡಿ."

ಲೆನ್ಸು ತಿರುಗಿಸಿದಂತೆ ಗಾಜನ್ನು ಹಿಂದೆಮುಂದೆ ಸರಿಸುವ ಒಳಗಿನ ಸುರುಳಿ ಗೀರನ್ನು ಕೊರೆಯುವಾಗ, ಯಾರೂ ಕೇಳದಿದ್ದರೂ, ಅವರು ತಮ್ಮ ದಿಕ್ಕನ್ನೇ ಅದರೊಳಗೆ ಇಟ್ಟುಬಿಟ್ಟಿದ್ದರು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು: ತಮ್ಮ ಕೈಯ ಮಾತು ಕೇಳುವ ವಸ್ತು ಲೋಕದಲ್ಲಿ ಇದೊಂದೇ ಉಳಿದಿತ್ತು.

"ತಾ ಇಲ್ಲಿ," ಎಂದರು. "ನೀನು ಆ ನಟಿ ಮುಖ ನೋಡ್ಬೇಕೋ, ನನ್ನ ಉಲ್ಟಾತನ ನೆನಪಿಟ್ಕೋಬೇಕೋ?"

ಆ ಭಾಗವನ್ನು ಬಿಸುಟು, ಎದುರು ದಿಕ್ಕಿಗೆ ಹೊಸದಾಗಿ ಕೊರೆದರು. ಈ ಸಲ ಅತ್ತೆ ಗೇಟಿನಿಂದ ಹೊರಟು ಹತ್ತಿರ ಬರುವವರೆಗೂ ಅವರ ಹುಬ್ಬಿನ ಕೂದಲೊಂದೂ ಮಸುಕಾಗಲಿಲ್ಲ. ಆಮೇಲೆ ಮಾವ ತಾವೂ ಒಮ್ಮೆ ಹಿಡಿದು ನೋಡಿದರು. ಕೈ ತನ್ನ ಹಳೆಯ ದಿಕ್ಕಿಗೇ ತಿರುಗಿತು. ಪರದೆಯ ಮೇಲೆ ಅತ್ತೆ ಕರಗಿಯೇ ಹೋದರು.

"ಅಯ್ಯೋ, ನನ್ನನ್ನೇ ಮಾಯ ಮಾಡಿಬಿಟ್ರಲ್ಲ!"

ಮಾವ ಹೊಟ್ಟೆ ಹಿಡಿದು ನಕ್ಕರು. "ತಗೊಂಡು ಹೋಗು ಪುಟ್ಟಿ, ಇದಕ್ಕೆ ನನ್ನ ಗುರುತೇ ಸಿಗ್ತಿಲ್ಲ" ಎಂದಾಗ ಆ ದನಿಯಲ್ಲಿ ತೃಪ್ತಿಯಲ್ಲದೆ ಬೇರೇನೂ ಇರಲಿಲ್ಲ.

ಪಳಗಿದ ಕೈಯವರು ಲೋಕದಲ್ಲಿ ಬೇಕಾದಷ್ಟು ಮಂದಿ. ಮಾಡಿದ್ದರಲ್ಲಿ ತಮ್ಮ ಗುರುತು ಉಳಿಯಲೆಂದು ಅವರು ಆಸೆಪಡುವುದೂ ಸಹಜವೇ. ಪ್ರೀತಿಯ ವಸ್ತುವನ್ನು ಕೊಡುವಾಗ ಅದರೊಳಗಿಂದ ತಮ್ಮ ಕೈಯನ್ನೂ ಬಿಡಿಸಿಕೊಂಡು ಕೊಡುವವರು ಮಾತ್ರ ವಿರಳ. ಅಂಥವರು ಕೊಟ್ಟದ್ದೇ ಪಡೆದವರ ಸ್ವಂತವಾಗುತ್ತದೆ.